ಮಗಳ ಐಜಿಇ ಅಪ್ಪನಿಂದಲೇ ಬಂತೇ?

ಪತ್ರ: ನನ್ನ ರಕ್ತದಲ್ಲಿ ಐಜಿಇ (ಅಲರ್ಜಿಗೆ ಸಂಬಂಧಿಸಿದ ಪ್ರತಿಕಾಯ) 640, ಏಳು ವರ್ಷದ ಮಗಳದ್ದು 410, ಹೆಂಡತಿಯದ್ದು 35. ನನಗೆ ವರ್ಷವಿಡೀ ಸೀನು, ಮಗಳಿಗೆ ಮೊಣಕೈ ಮಡಿಕೆಯಲ್ಲಿ ಎಕ್ಸಿಮಾ (ತುರಿಕೆಯ ಚರ್ಮರೋಗ). ಇದು ನನ್ನಿಂದಲೇ ಬಂತೇ? ಹುಟ್ಟಲಿರುವ ಮಗುವಿಗೆ ಈಗಲೇ ಜೀನ್ ಪರೀಕ್ಷೆ ಮಾಡಿಸಬೇಕೇ?

ಸಂಪಾದಕರ ಉತ್ತರ: ನಿಮ್ಮ ಪಾಲು ಇರಬಹುದು. ಆದರೆ ಅಷ್ಟೂ ನಿಮ್ಮದೇ ಎಂದು ಕೊರಗಬೇಡಿ.

ಮೊದಲು ಅಂಕಿಗಳನ್ನು ಓದುವ ಬಗೆ. ಐಜಿಇ ಗುಣಾಕಾರದಲ್ಲಿ ಏರುತ್ತದೆ. 35ರಿಂದ 70ಕ್ಕೆ ಏರುವುದೂ 320ರಿಂದ 640ಕ್ಕೆ ಏರುವುದೂ ಒಂದೇ ಅಳತೆಯ ಹೆಜ್ಜೆ. ಹಾಗಾಗಿ ನಿಮ್ಮ ಮತ್ತು ಹೆಂಡತಿಯ ಐಜಿಇಗಳ ನಡುವಿನ ಮಟ್ಟ 337 ಅಲ್ಲ, ಸುಮಾರು 150. ತಾಯಿಯ ಐಜಿಇ ಮಾಸು ದಾಟಿ ಮಗುವಿಗೆ ಹೋಗುವುದಿಲ್ಲ. ಹುಟ್ಟಿದಾಗ ಬಹುತೇಕ ಶೂನ್ಯವಿದ್ದು, ಹದಿಹರೆಯದವರೆಗೆ ಏರುತ್ತಾ ಹೋಗುತ್ತದೆ. ಮಗಳ 410ನ್ನು ಅವಳ ವಯಸ್ಸಿನ ಮಿತಿಯೊಂದಿಗೆ ಹೋಲಿಸಿ, ನಿಮ್ಮ 640ರೊಂದಿಗಲ್ಲ. ಹೊಟ್ಟೆಹುಳು, ಬೀಡಿ-ಸಿಗರೇಟಿನ ಹೊಗೆ ಕೂಡ ಇದನ್ನು ಏರಿಸುತ್ತವೆ.

ಇಲ್ಲಿ ಒಂದೇ ಜೀನ್ ಕೆಲಸ ಮಾಡುವುದಿಲ್ಲ. 1994ರಲ್ಲಿ ಅಮೆರಿಕದ ಆಮಿಷ್ ಎಂಬ ಸಾಂಪ್ರದಾಯಿಕ ಕ್ರೈಸ್ತ ಸಮುದಾಯದ ಕುಟುಂಬಗಳ ಅಧ್ಯಯನವು 5ನೇ ವರ್ಣತಂತುವಿನ ಒಂದು ಭಾಗಕ್ಕೂ ಒಟ್ಟು ಐಜಿಇ ಮಟ್ಟಕ್ಕೂ ನಂಟಿದೆ ಎಂದು ತೋರಿಸಿತು. ಪ್ರತಿಕಾಯ ತಯಾರಿಸುವ ಬಿ-ಕೋಶಗಳಿಗೆ 'ಐಜಿಇ ತಯಾರಿಸು' ಎಂದು ಸಂದೇಶ ಕೊಡುವ ಇಂಟರ್‌ಲ್ಯೂಕಿನ್-4 ಮತ್ತು 13 ಎಂಬ ಪ್ರೋಟೀನುಗಳ ಜೀನ್‌ಗಳು ಇರುವುದು ಅಲ್ಲಿಯೇ. ಆಮೇಲೆ ಇನ್ನೂ ಹಲವು ಜೀನ್‌ಗಳು ಸಿಕ್ಕವು, ಒಂದೊಂದರ ಪ್ರಭಾವವೂ ಅಲ್ಪ. ಜೀನ್‌ನ ಮಿತಿ ಎಷ್ಟೆಂಬುದು ಅವಳಿಗಳಲ್ಲಿ ಕಾಣುತ್ತದೆ. 2000ದ ಒಂದು ಅಧ್ಯಯನದಲ್ಲಿ ಒಬ್ಬರಿಗಾದರೂ ಕಡಲೆಕಾಯಿ ಅಲರ್ಜಿ ಇದ್ದ ತದ್ರೂಪಿ ಅವಳಿ ಜೋಡಿಗಳ ಪೈಕಿ ಇಬ್ಬರಿಗೂ ಅದು ಇದ್ದದ್ದು ಶೇ. 64ರಷ್ಟು, ತದ್ರೂಪಿಗಳಲ್ಲದ ಅವಳಿಗಳಲ್ಲಿ ಶೇ. 7ರಷ್ಟು. ಜೀನ್‌ಗಳೆಲ್ಲ ಒಂದೇ ಆದರೂ ಮೂರನೇ ಒಂದು ಪಾಲು ಜೋಡಿಗಳಲ್ಲಿ ಒಬ್ಬರು ಪಾರಾಗಿದ್ದರು.

ಇನ್ನು ಎಕ್ಸಿಮಾ. ಚರ್ಮದ ಹೊರಪದರವನ್ನು ಬಿಗಿಯಾಗಿಡುವ ಫಿಲಾಗ್ರಿನ್ ಪ್ರೋಟೀನಿನ ಜೀನ್ ಕೆಟ್ಟಿದ್ದರೆ ಎಕ್ಸಿಮಾ ಸಾಧ್ಯತೆ ಹೆಚ್ಚು ಎಂದು 2006ರಲ್ಲಿ ತಿಳಿಯಿತು. ಬಿರುಕುಬಿಟ್ಟ ಚರ್ಮದ ಮೂಲಕ ದೂಳು, ಆಹಾರದ ಕಣಗಳು ಒಳಹೊಕ್ಕರೆ ಐಜಿಇ ಆಮೇಲೆ ಏರುತ್ತದೆ. ಅಂದರೆ ಮಗಳ 410ಕ್ಕೆ ಮೂಲವಾದ ದೋಷ, ಐಜಿಇ ಬರೀ 35 ಇರುವ ತಾಯಿಯಿಂದ ಬಂದಿರಲೂಬಹುದು! ದಿನಕ್ಕೆರಡು ಬಾರಿ, ಸ್ನಾನವಾದ ಕೂಡಲೇ ಚರ್ಮ ಇನ್ನೂ ತುಸು ಒದ್ದೆ ಇರುವಾಗ ಮಾಯಿಶ್ಚರೈಸರ್ ಹಚ್ಚಿ.

ಮಗಳಿಗೆ ಯಾವುದು ಆಗಿಬರುವುದಿಲ್ಲ ಎಂದು ತಿಳಿಯಲು ಸ್ಕಿನ್ ಪ್ರಿಕ್ ಟೆಸ್ಟ್ (ಚರ್ಮಕ್ಕೆ ಅಲರ್ಜಿಕಾರಕವನ್ನು ಸಣ್ಣಗೆ ಚುಚ್ಚಿ ನೋಡುವ ಪರೀಕ್ಷೆ) ಇದೆ. ವೈದ್ಯರನ್ನು ಕೇಳಿ, ಆಂಟಿಹಿಸ್ಟಮಿನ್ (ಅಲರ್ಜಿ ತಗ್ಗಿಸುವ) ಮಾತ್ರೆಯನ್ನು ಸುಮಾರು ಒಂದು ವಾರ ಮೊದಲೇ ನಿಲ್ಲಿಸಿ, ಇಲ್ಲದಿದ್ದರೆ ಅಲರ್ಜಿ ಇದ್ದರೂ ಚರ್ಮ ಉಬ್ಬದು. ರಕ್ತಪರೀಕ್ಷೆಗೆ ಈ ತೊಂದರೆಯಿಲ್ಲ. ಚುಚ್ಚಿದ 15-20 ನಿಮಿಷಕ್ಕೆ 3 ಮಿ.ಮೀ. ಅಥವಾ ಹೆಚ್ಚು ಉಬ್ಬಿದರೆ ಪಾಸಿಟಿವ್. ಆದರೆ ತಿಂದಾಗ ಏನೂ ಆಗದ ಆಹಾರವನ್ನು ಬರೀ ರಿಪೋರ್ಟ್ ನೋಡಿ ಬಿಡಿಸಬೇಡಿ. ಬೆಳೆಯುವ ಮಗುವಿಗೆ ಅದರಿಂದ ನಷ್ಟವೇ ಹೆಚ್ಚು.

ಹುಟ್ಟಲಿರುವ ಮಗುವಿಗೆ ಜೀನ್ ಪರೀಕ್ಷೆ ಬೇಡ. ಅಷ್ಟು ಸಣ್ಣ ಸಣ್ಣ ಪ್ರಭಾವಗಳಿಂದ ಭವಿಷ್ಯ ಹೇಳಲಾಗದು. ಐಜಿಇ 2000 ದಾಟಿ, ಪದೇ ಪದೇ ಕುರು, ನ್ಯುಮೋನಿಯಾ ಆಗುತ್ತಿದ್ದು, ಹಾಲುಹಲ್ಲು ಬೀಳದೆ ಉಳಿದಿದ್ದರೆ ಮಾತು ಬೇರೆ. ಅದು ಒಂದೇ ಜೀನ್‌ನ ಅಪರೂಪದ ಕಾಯಿಲೆ ಇರಬಹುದು. ಮನೆಯಲ್ಲಿ ಯಾರೂ ಹೊಗೆ ಸೇದದಿರಲಿ. ಆರು ತಿಂಗಳ ಸುಮಾರಿಗೆ ಮೊಟ್ಟೆ, ನುಣ್ಣಗೆ ಅರೆದು ತೆಳುಮಾಡಿದ ಕಡಲೆಕಾಯಿ ಶುರುಮಾಡಿ, ಇಡೀ ಕಾಳು ಮಾತ್ರ ಬೇಡ, ಗಂಟಲಿಗೆ ಸಿಕ್ಕೀತು. 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಅಪಾಯ ಹೆಚ್ಚಿದ್ದ ಕೂಸುಗಳಿಗೆ ಹೀಗೆ ಬೇಗ ಶುರುಮಾಡಿ ಐದು ವರ್ಷದವರೆಗೆ ಕೊಡುತ್ತಾ ಬಂದಾಗ ಕಡಲೆಕಾಯಿ ಅಲರ್ಜಿ ಸುಮಾರು ಶೇ. 80ರಷ್ಟು ತಗ್ಗಿತು. ಕೂಸಿಗೆ ಆಗಲೇ ತೀವ್ರ ಎಕ್ಸಿಮಾ ಇದ್ದರೆ ಮೊದಲ ತುತ್ತಿಗೆ ಮುನ್ನ ವೈದ್ಯರಿಗೆ ತೋರಿಸಿ.