ಡಯಾಲಿಸಿಸ್‌ಗೆ ಮೊದಲೇ ಫಿಸ್ಟುಲಾ ಯಾಕೆ?

ಅಪ್ಪನಿಗೆ ಡಯಾಲಿಸಿಸ್ ಇನ್ನೂ ಶುರುವಾಗಿಲ್ಲ, ಆದರೂ ಡಾಕ್ಟರು ಕೈಗೆ ಫಿಸ್ಟುಲಾ, ಅಂದರೆ ಎರಡು ರಕ್ತನಾಳ ಸೇರಿಸುವ ಆಪರೇಷನ್, ಮಾಡಿಸಿಕೊಳ್ಳಿ ಅನ್ನುತ್ತಿದ್ದಾರೆ, ಸ್ವಲ್ಪ ದಿನ ತಳ್ಳಬಹುದಾ ಅಂತ ಕೇಳಿದ್ದೀರಿ. ನಾನು ಹಾಗೆ ತಳ್ಳಿದವನೇ. ಒಂದು ರಾತ್ರಿ ಉಸಿರು ಕಟ್ಟಿ ಆಸ್ಪತ್ರೆಗೆ ಓಡಿದಾಗ ಡಯಾಲಿಸಿಸ್‌ಗೆ ಅಂತ ಕುತ್ತಿಗೆಯ ರಕ್ತನಾಳಕ್ಕೆ ಕ್ಯಾಥೆಟರ್ ಅನ್ನುವ ಪೈಪು ಹಾಕಿದರು. ಬೇರೆ ದಾರಿ ಇರಲಿಲ್ಲ. ಮೂರನೇ ವಾರ, ಮಷೀನ್ ಓಡುತ್ತಿರುವಾಗಲೇ ಗಡಗಡ ಚಳಿ, ಜ್ವರ. ಆ ಪೈಪಿನ ದಾರಿಯಲ್ಲೇ ರಕ್ತಕ್ಕೆ ಸೋಂಕು ಇಳಿದಿತ್ತು.

ಮಷೀನಿಗೆ ನಿಮಿಷಕ್ಕೆ ಸುಮಾರು 300 ಮಿಲಿಲೀಟರ್ ರಕ್ತ ಬೇಕು. ಕೈಮೇಲೆ ಕಾಣುವ ನೀಲಿ ನರ ಅಷ್ಟು ಕೊಡುವುದಿಲ್ಲ. ಹೃದಯದಿಂದ ರಭಸವಾಗಿ ರಕ್ತ ತರುವ ನಾಳ ಒಳಗಿರುತ್ತದೆ, ಅದಕ್ಕೆ ದಿನ ಬಿಟ್ಟು ದಿನ ದಪ್ಪ ಸೂಜಿ ಚುಚ್ಚುವ ಹಾಗಿಲ್ಲ. ಅದಕ್ಕೇ ಮಣಿಕಟ್ಟಿನ ಹತ್ತಿರ ಎರಡನ್ನೂ ಸೇರಿಸಿ ಹೊಲಿಯುತ್ತಾರೆ, ಅದೇ ಫಿಸ್ಟುಲಾ. ನ್ಯೂಯಾರ್ಕಿನ ಡಾಕ್ಟರುಗಳಾದ ಬ್ರೆಶಿಯಾ, ಸಿಮಿನೋ ಮತ್ತು ಜೊತೆಗಾರರು 1966ರಲ್ಲಿ ಪ್ರಕಟಿಸಿದ ಉಪಾಯ ಇದು. ಇವತ್ತಿಗೂ ಮೊದಲ ಆಯ್ಕೆ ಇದೇ. ರಕ್ತ ನುಗ್ಗಿ ನುಗ್ಗಿ ನರ ಹಿಗ್ಗುತ್ತದೆ, ಅದರ ಗೋಡೆ ಗಟ್ಟಿಯಾಗುತ್ತದೆ. ಹೀಗೆ ಬಲಿಯೋಕೆ ಆರೆಂಟು ವಾರ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ಕೆಲವರದ್ದು ಬಲಿಯುವುದೇ ಇಲ್ಲ, ಮೊಣಕೈ ಹತ್ತಿರ ಮತ್ತೊಂದು ಮಾಡಬೇಕಾಗುತ್ತದೆ. ಡಾಕ್ಟರ ಅವಸರ ಇದಕ್ಕೇ.

ಆಪರೇಷನ್ ಬಗ್ಗೆ ಭಯ ಬೇಡ. ಸಾಮಾನ್ಯವಾಗಿ ಕೈಯನ್ನಷ್ಟೇ ಮರಗಟ್ಟಿಸಿ ಮಾಡುತ್ತಾರೆ. ನಾನು ಮೇಲಿನ ಫ್ಯಾನು ನೋಡುತ್ತಾ ಮಲಗಿದ್ದೆ ಅಷ್ಟೇ. ಗಾಯ ಒಣಗಿದ ಮೇಲೆ ಮೊಮ್ಮಗಳ ರಬ್ಬರ್ ಚೆಂಡು ಹಿಸುಕುವುದೇ ನನ್ನ ಕೆಲಸ. ಈಗ ಹೊಲಿಗೆಯ ಮೇಲೆ ಬೆರಳಿಟ್ಟರೆ ಬೆಕ್ಕು ಗುರುಗುಟ್ಟುವ ಹಾಗೆ ಗುರ್‍ರ್ ಅನ್ನುತ್ತದೆ. ಎಡಗೈ ತಲೆಯಡಿ ಇಟ್ಟು ಮಲಗಿದರೆ ಕಿವಿಗೇ ಕೇಳುತ್ತದೆ. ಆದರೆ ಹಾಗೆ ಮಲಗಬಾರದು, ಭಾರ ಬಿದ್ದರೆ ಹೆಪ್ಪುಗಟ್ಟಬಹುದು ಅಂತ ನರ್ಸಮ್ಮ ಬೈದಿದ್ದಾರೆ. ದಿನಾ ಬೆಳಿಗ್ಗೆ ಕಾಫಿಗೆ ಮೊದಲು ಮುಟ್ಟಿ ನೋಡುತ್ತೇನೆ. ಆ ಗುರ್‍ರ್ ನಿಂತರೆ ನಾಳೆ ನೋಡೋಣ ಅನ್ನಬೇಡಿ, ಆಗಲೇ ಆಸ್ಪತ್ರೆಗೆ ಹೊರಡಿ. ಬೆರಳು ತಣ್ಣಗಾಗಿ ನೋಯುತ್ತಿದ್ದರೂ ಹೇಳಿ, ರಕ್ತ ಬೆರಳಿಗೆ ಹೋಗದೆ ಇತ್ತಲೇ ತಿರುಗುತ್ತಿರಬಹುದು.

ಆ ಕೈಗೆ ಬಿಪಿ ಪಟ್ಟಿ, ಡ್ರಿಪ್, ರಕ್ತ ತೆಗೆಯುವ ಸೂಜಿ ಯಾವುದೂ ಬೇಡ. ಒಮ್ಮೆ ಲ್ಯಾಬಿನ ಹುಡುಗ ನನ್ನ ಎಡಗೈಗೇ ರಬ್ಬರ್ ಪಟ್ಟಿ ಬಿಗಿಯುತ್ತಿದ್ದ, ಕೈ ಎಳೆದುಕೊಂಡೆ.

ಆಪರೇಷನ್ ದಿನ ಗೊತ್ತಾಗಿಲ್ಲದಿದ್ದರೂ ಅಪ್ಪನ ಕೈ ಇವತ್ತಿನಿಂದಲೇ ಕಾಯಿರಿ. ಬಲಗೈಯಲ್ಲಿ ಬರೆಯುವವರಾದರೆ ಸಾಮಾನ್ಯವಾಗಿ ಎಡಗೈಯನ್ನೇ ಆರಿಸುತ್ತಾರೆ. ರಕ್ತ ಪರೀಕ್ಷೆಗೆ ಹೋದಾಗ ಬಲ ಅಂಗೈಯ ಹಿಂಬದಿಯಿಂದ ತೆಗೆಯೋಕೆ ಹೇಳಿ.