ಫೋಮ್ ಪುಡಿಯಾದ ಹಳೆ ಸ್ಪೀಕರ್ ತಗೋಬಹುದಾ?

ನೀವು ಕೇಳಿರೋದು ಇಷ್ಟು: ಜಯನಗರದಲ್ಲಿ ಮನೆ ಖಾಲಿ ಮಾಡುತ್ತಿರುವ ಹಿರಿಯರೊಬ್ಬರು 1980ರ ಆಸುಪಾಸಿನ ಒಂದು ಜೊತೆ ಫಾರಿನ್ ಸ್ಪೀಕರ್ ಮಾರುತ್ತಿದ್ದಾರೆ, ಊಫರ್ (ಬೇಸ್ ಕೊಡುವ ದೊಡ್ಡ ಸ್ಪೀಕರ್) ಸುತ್ತ ಇರುವ ಫೋಮ್ ಮುಟ್ಟಿದರೆ ಉದುರುತ್ತದೆ, ತಗೋಬಹುದಾ, ಬೆಂಗಳೂರಲ್ಲಿ ಸರಿ ಮಾಡಿಸೋಕೆ ಆಗುತ್ತಾ ಅಂತ. ತಗೊಳ್ಳಿ. ಆದರೆ ಟ್ವೀಟರ್ (ಏರು ಸ್ವರ ಕೊಡುವ ಸಣ್ಣ ಸ್ಪೀಕರ್) ಎರಡೂ ಕೆಲಸ ಮಾಡುತ್ತಿದ್ದರೆ ಮಾತ್ರ.

ಫೋಮ್ ನೋಡಿ ಹೆದರಬೇಡಿ. ಅದು ಪಾಲಿಯುರೆಥೇನ್ ಫೋಮ್, ಗಾಳಿಯಲ್ಲಿನ ತೇವ ಮತ್ತು ಬೆಳಕು ಸೇರಿ 15-20 ವರ್ಷದಲ್ಲಿ ಅದನ್ನು ಮುಗಿಸಿಬಿಡುತ್ತವೆ. ಬಳಸದೆ ಬಟ್ಟೆ ಮುಚ್ಚಿಟ್ಟಿದ್ದರೂ ಅಷ್ಟೇ. ಹಾಗಾಗಿ ಮಾರುವವರು ಚೆನ್ನಾಗಿ ನೋಡಿಕೊಂಡಿಲ್ಲ ಅಂತ ಅಂದುಕೊಳ್ಳಬೇಡಿ. ಇಡೀ ಸ್ಪೀಕರಿನಲ್ಲಿ ಅತಿ ಅಗ್ಗದ ಭಾಗ ಅದೇ, ಹೊಸದು ಸಿಗುತ್ತದೆ. ನೋಡಿದವರೆಲ್ಲ ಅದಕ್ಕೇ ಹೆದರಿ ವಾಪಸ್ ಹೋಗಿರುತ್ತಾರೆ, ನಿಮಗೆ ಬೆಲೆ ಇಳಿಸೋಕೆ ಅದು ಒಳ್ಳೆಯದೇ ಆಯಿತು. ಟ್ವೀಟರ್ ಹಾಗಲ್ಲ. ಆ ಮಾದರಿಯ ಟ್ವೀಟರ್ ಮಾಡೋದನ್ನು ಕಂಪನಿ ನಿಲ್ಲಿಸಿ ಎಷ್ಟೋ ವರ್ಷ ಆಗಿರುತ್ತದೆ. ಇನ್ನೊಂದು ಕೆಟ್ಟ ಜೊತೆಯಿಂದ ಬಿಚ್ಚಿದ್ದು ಸಿಕ್ಕರೆ ಉಂಟು, ಇಲ್ಲದಿದ್ದರೆ ಇಲ್ಲ.

ಮಾಡೆಲ್ ಹೆಸರನ್ನೇ ನೀವು ಬರೆದಿಲ್ಲ. ಹಿಂದೆ ತಿರುಗಿಸಿ ಲೇಬಲ್ ಫೋಟೋ ತೆಗೆಯಿರಿ, ಅದು ಮೊದಲ ಕೆಲಸ. ಯಾಕಂದರೆ ಎಲ್ಲ ಹಳೆ ಸ್ಪೀಕರಿಗೂ ಫೋಮ್ ಅಂಚು ಇರಲ್ಲ. ಜೆಬಿಎಲ್ ಎಲ್100 ಸೆಂಚುರಿ 1970ರದ್ದು, ಅದರ ಊಫರಿಗೆ ಬಟ್ಟೆಯ ಅಂಚು, ಈಗಲೂ ಗಟ್ಟಿಯಾಗಿರುತ್ತದೆ. ಪುಡಿಯಾಗೋದು ಮುಂದೆ ಸಿಕ್ಕಿಸುವ ಚೌಕುಳಿ ಫೋಮ್ ಗ್ರಿಲ್. ಅದರ ಪುಡಿ ಕೋನ್ (ಊಫರಿನ ಅಲುಗಾಡುವ ಮುಖ) ಮೇಲೆ ಬಿದ್ದಿರೋದನ್ನು ನೋಡಿ ಊಫರೇ ಹೋಯಿತು ಅಂತ ಮಾರುವವರೇ ನಂಬಿರುತ್ತಾರೆ. ಬಿಬಿಸಿಯವರು 1970ರ ದಶಕದಲ್ಲಿ ರೂಪಿಸಿದ ಎಲ್ಎಸ್3/5ಎ ಥರದ್ದರಲ್ಲಿ ರಬ್ಬರ್ ಅಂಚು, ಅದು ಫೋಮ್ ಥರ ಉದುರಲ್ಲ. (ಅದು ಸಿಕ್ಕರೂ ಮೊದಲ ಸಲಕ್ಕೆ ತಗೋಬೇಡಿ. ಹೆಸರಿಗೇ ಅರ್ಧ ದುಡ್ಡು ಹೋಗುತ್ತದೆ.) ಕೈ ಪಳಗಿಸೋಕೆ ಹಳೆ ಸೋನೊಡೈನ್, ಕಾಸ್ಮಿಕ್ ಥರದ ನಮ್ಮ ದೇಶದ ಪೆಟ್ಟಿಗೆಗಳೇ ಸಾಕು. ಮಲ್ಲೇಶ್ವರ, ಬಸವನಗುಡಿ ಕಡೆ ಹಳೆ ಮನೆ ಖಾಲಿಯಾಗುವಾಗ ಇಂಥವು ಹೊರಗೆ ಬರುತ್ತಿರುತ್ತವೆ.

ನೋಡೋಕೆ ಹೋಗುವಾಗ ಒಂದು ಸಣ್ಣ ಆಂಪ್ಲಿಫೈಯರ್, ಮಲ್ಟಿಮೀಟರ್, ಟಾರ್ಚ್, ಸ್ಕ್ರೂಡ್ರೈವರ್, ಗಡಿಯಾರಕ್ಕೆ ಹಾಕುವ ಒಂದು ಸೆಲ್ ತಗೊಂಡು ಹೋಗಿ. ಹಿಂದಿನ ಟರ್ಮಿನಲ್‌ನಲ್ಲಿ ಮೀಟರ್ ಇಟ್ಟು "ಎಲ್ಲಾ ಸರಿ ಇದೆ" ಅಂದುಕೊಳ್ಳೋದು ಬಹಳ ಜನ ಮಾಡುವ ಕೆಲಸ. ಅಲ್ಲಿ ಕಾಣೋದು ಊಫರ್ ಮಾತ್ರ, ಯಾಕಂದರೆ ಟ್ವೀಟರಿನ ದಾರಿಯಲ್ಲಿ ಕೆಪಾಸಿಟರ್ ಕೂತಿರುತ್ತದೆ, ಮೀಟರಿನ ಕರೆಂಟ್ ಅದನ್ನು ದಾಟಲ್ಲ. ಟ್ವೀಟರನ್ನು ಬಿಚ್ಚಿ, ಒಂದು ವೈರ್ ತೆಗೆದು, ಅದರ ಕಾಲಿಗೇ ಮೀಟರ್ ಇಡಬೇಕು. 8 ಓಮ್ ಅಂತ ಬರೆದಿರೋದು ಸುಮಾರು 6 ತೋರಿಸುತ್ತದೆ, 4 ಓಮ್‌ದು 3ರ ಸುತ್ತಮುತ್ತ. ಮೀಟರ್ ಅಲುಗಾಡಲೇ ಇಲ್ಲ ಅಂದರೆ ಒಳಗೆ ಕಾಯಿಲ್ (ತಂತಿ ಸುರುಳಿ) ಸುಟ್ಟಿದೆ. ಬಿಚ್ಚೋಕೆ ಅವರು ಒಪ್ಪದಿದ್ದರೆ ಹಾಡು ಹಾಕಿ, ವಾಲ್ಯೂಮ್ ಕಡಿಮೆ ಇಟ್ಟು, ಟ್ವೀಟರಿಗೆ ಕಿವಿ ಕೊಡಿ. ಶಬ್ದ ಬರದಿದ್ದರೂ ಕೂಡಲೇ ಎದ್ದು ಬರಬೇಡಿ. ಎಆರ್ (ಅಕೌಸ್ಟಿಕ್ ರಿಸರ್ಚ್ ಕಂಪನಿ) ಥರದ ಅಮೆರಿಕನ್ ಪೆಟ್ಟಿಗೆಗಳ ಹಿಂದೆ ಟ್ವೀಟರ್ ಹೆಚ್ಚು ಕಡಿಮೆ ಮಾಡುವ ತಿರುಗುಗುಂಡಿ ಇರುತ್ತದೆ, ಒಳಗೆ ಕಿಲುಬು ಹಿಡಿದು ಅದೇ ಸದ್ದು ತಡೆದಿರುತ್ತದೆ. ನಾಲ್ಕು ಸಲ ಆಕಡೆ ಈಕಡೆ ತಿರುಗಿಸಿ, ಕರಕರ ಅಂದು ಜೀವ ಬಂದರೆ ನಿಮ್ಮ ಅದೃಷ್ಟ.

ಆಮೇಲೆ ಊಫರ್. ಅಂಗೈಯಿಂದ ಸಮನಾಗಿ, ಮೆಲ್ಲಗೆ ಒಳಗೆ ಒತ್ತಿ. ಒಳಗೆ ಉಜ್ಜಿದ ಸದ್ದು ಬಂದರೆ ವಾಯ್ಸ್ ಕಾಯಿಲ್ (ಕೋನನ್ನು ಅಲುಗಿಸುವ ತಂತಿ ಸುರುಳಿ) ಮ್ಯಾಗ್ನೆಟ್ಟಿಗೆ ತಾಗುತ್ತಿದೆ. ಫೋಮ್ ಇಲ್ಲದೆ ಕೋನ್ ಒಂದು ಕಡೆ ವಾಲಿದ್ದಕ್ಕೆ ಹಾಗಾಗಿರಬಹುದು, ಫೋಮ್ ಹರಿದಿದ್ದರೂ ಜೋರಾಗಿ ಹಾಡು ಹಾಕಿ ಕಾಯಿಲ್ಲೇ ಕೆಟ್ಟಿರಲೂಬಹುದು. ಅದಕ್ಕೇ ಹೀಗಿರೋದನ್ನು ಬೇಸ್ ಬರುವ ಹಾಗೆ ಬಾರಿಸಿ ತೋರಿಸಿ ಅಂತ ಕೇಳಲೇಬೇಡಿ. ಸೆಲ್ಲನ್ನು ಟರ್ಮಿನಲ್ಲಿಗೆ ಒಂದು ಕ್ಷಣ ಮುಟ್ಟಿಸಿದರೆ ಸಾಕು, ಕೋನ್ ಮುಂದೆ ಬರುತ್ತದೆ. ಹಳೆ ಜೆಬಿಎಲ್ ಆದರೆ ಕೆಂಪಿಗೆ ಪ್ಲಸ್ ಕೊಟ್ಟಾಗ ಹಿಂದೆ ಹೋಗುತ್ತದೆ, ಅದು ದೋಷ ಅಲ್ಲ, ಅವರು ಆಗ ಮಾಡುತ್ತಿದ್ದದ್ದೇ ಹಾಗೆ. ಎರಡೂ ಒಂದೇ ದಿಕ್ಕಿಗೆ ಹೋಗಬೇಕು, ಅಷ್ಟೇ. ಎರಡೂ ಮ್ಯಾಗ್ನೆಟ್ ಮೇಲಿನ ನಂಬರ್ ಒಂದೇನಾ ಅಂತಲೂ ನೋಡಿ. ಬೇರೆ ಬೇರೆ ಇದ್ದರೆ ಒಂದನ್ನು ಯಾರೋ ಬದಲಾಯಿಸಿದ್ದಾರೆ. ಪೆಟ್ಟಿಗೆಯ ತಳವನ್ನೂ ಮರೀಬೇಡಿ. ಪಾರ್ಟಿಕಲ್ ಬೋರ್ಡ್ ಒಮ್ಮೆ ನೀರು ಕುಡಿದು ಉಬ್ಬಿದರೆ ಮತ್ತೆ ಇಳಿಯಲ್ಲ. ನೆಲ ಒರೆಸಿದ ನೀರೇ ಸಾಕು ಅದಕ್ಕೆ.

ಇನ್ನು ರಿಪೇರಿ. ಇಲ್ಲಿ ಸ್ವಲ್ಪ ಉದ್ದ ಹೇಳುತ್ತೇನೆ, ಬೆಂಗಳೂರಲ್ಲಿ ಒಳ್ಳೆ ಸ್ಪೀಕರ್ ಜಾಸ್ತಿ ಹಾಳಾಗೋದು ರಿಪೇರಿಯಲ್ಲೇ ಅಂತ ನನ್ನ ಅನಿಸಿಕೆ.

ಕೋನ್ ಹಾಕಿಕೊಡುವವರು ಊರಲ್ಲಿ ಬೇಕಾದಷ್ಟಿದ್ದಾರೆ. ಆದರೆ ಅವರ ಹೊಟ್ಟೆಪಾಡು ಮೈಕ್ ಸೆಟ್ ಸ್ಪೀಕರ್. ಗಣೇಶನ ಪೆಂಡಾಲ್, ರಾಜ್ಯೋತ್ಸವ, ಮದುವೆ ಮನೆ. ಆ ಸ್ಪೀಕರಿಗೆ ಗಟ್ಟಿ ಕಾಗದದ ಕೋನ್, ಬಿಗಿಯಾದ ಅಂಚು ಬೇಕು, ಮಾತು ದೂರಕ್ಕೆ ಕೇಳಿಸಬೇಕು. ಮನೆಯ ಸ್ಪೀಕರ್ ಇದಕ್ಕೆ ಪೂರಾ ಉಲ್ಟಾ. 1954ರಲ್ಲಿ ಎಡ್ಗರ್ ವಿಲ್ಚರ್ ಎಆರ್-1 ಮಾಡಿದಾಗಿನ ಉಪಾಯವೇ ಅದು: ಕೋನನ್ನು ಬಹಳ ಸಡಿಲವಾಗಿ ತೂಗುಹಾಕು, ಪೆಟ್ಟಿಗೆಯನ್ನು ಗಾಳಿಯಾಡದ ಹಾಗೆ ಮುಚ್ಚು, ಒಳಗಿನ ಗಾಳಿಯೇ ಸ್ಪ್ರಿಂಗ್ ಆಗಲಿ. ಸಣ್ಣ ಪೆಟ್ಟಿಗೆಯಿಂದ ಅಷ್ಟು ಆಳದ ಬೇಸ್ ಬಂದದ್ದು ಹೀಗೆ. ಅಂಥ ಊಫರಿಗೆ ಬಿಗಿ ಅಂಚು ಹಾಕಿದರೆ ಸದ್ದು ಬರುತ್ತದೆ, ಬೇಸ್ ಬರಲ್ಲ. ನನ್ನ ಸ್ನೇಹಿತರೊಬ್ಬರು ಒಳ್ಳೆಯ ಜೊತೆಯನ್ನು ಹೀಗೆ ಕೊಟ್ಟು, "ಫುಲ್ ಹೊಸದು ಮಾಡಿದ್ದೀನಿ ಸಾರ್" ಅಂತ ಹಳೆ ಕೋನನ್ನೇ ಕಿತ್ತು ಬಿಸಾಡಿಸಿಕೊಂಡು ಬಂದರು. ಅದರಲ್ಲಿ ತಬಲ ಈಗ ಡಬ್ಬ ಬಡಿದ ಹಾಗೆ ಕೇಳಿಸುತ್ತದೆ. ಕೊಡೋದೇ ಆದರೆ ಬಾಯಿಬಿಟ್ಟು ಹೇಳಿ: ಅಂಚು ಮಾತ್ರ ಬದಲಾಯಿಸಿ, ಕೋನ್ ಮುಟ್ಟಬೇಡಿ, ಫೋಮ್ ನಾನೇ ತಂದುಕೊಡುತ್ತೇನೆ.

ನನ್ನ ಕೇಳಿದರೆ ನೀವೇ ಮಾಡಿ. ಫೋಮ್ ಆನ್‌ಲೈನ್‌ನಲ್ಲಿ ಸಿಗುತ್ತದೆ. "12 ಇಂಚು" ಅಂತಷ್ಟೇ ಹೇಳಿ ತರಿಸಬೇಡಿ. ಕೋನಿನ ಹೊರ ಅಳತೆ, ಫ್ರೇಮಿನ ಒಳ ಅಳತೆ, ಹೊರ ಅಳತೆ ಮೂರೂ ಬೇಕು. ಹಳೆ ಫೋಮನ್ನು ಮರದ ಕಡ್ಡಿಯಿಂದ ಕೆರೆದು ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಒರೆಸಿ. ಈ ಕೆರೆಯೋ ಕೆಲಸಕ್ಕೇ ಹೊತ್ತು ಹೋಗೋದು, ಅವಸರ ಮಾಡಿದರೆ ಕೋನ್ ಹರಿಯುತ್ತದೆ. ಕಾಗದದ ಕೋನಿಗೆ ಫೆವಿಕಾಲ್ ಜಾತಿಯ ಬಿಳಿ ಗೋಂದು ಸಾಕು. ಕ್ಷಣದಲ್ಲಿ ಅಂಟುವ ಗೋಂದು ಬೇಡವೇ ಬೇಡ, ಕೋನನ್ನು ನಡುವಿಗೆ ತರೋಕೆ ಅದು ಸಮಯ ಕೊಡಲ್ಲ. ಮೊದಲು ಕೋನಿಗೆ ಅಂಟಿಸಿ ಪೂರಾ ಒಣಗಲಿ, ಆಮೇಲೆ ಫ್ರೇಮಿಗೆ. ಫ್ರೇಮಿಗೆ ಹಚ್ಚಿದ ಗೋಂದು ಹಸಿ ಇರುವಾಗ ಫೋನಿನ ಟೋನ್ ಜನರೇಟರ್ ಆಪ್‌ನಿಂದ ಆಂಪ್ಲಿಫೈಯರ್ ಮೂಲಕ 30 ಹರ್ಟ್ಜ್ ಬಹಳ ಮೆಲ್ಲಗೆ ಬಿಡಿ. ಕಾಯಿಲ್ ಎಲ್ಲಾದರೂ ತಾಗಿದರೆ ಕೂಡಲೇ ಕೇಳಿಸುತ್ತದೆ, ಬೆರಳಲ್ಲಿ ಸರಿಸಿ ಸದ್ದು ಶುದ್ಧ ಆಗುವವರೆಗೆ ಹೊಂದಿಸಿ, ಹಾಗೇ ಒಣಗೋಕೆ ಬಿಡಿ. ವಾಪಸ್ ಪೆಟ್ಟಿಗೆಗೆ ಹಾಕುವಾಗ ಊಫರನ್ನು ತಲೆಕೆಳಗು ಮಾಡಿ ಹಾಕಿ. ಇಷ್ಟು ವರ್ಷ ಒಂದೇ ಕಡೆ ಜೋತುಬಿದ್ದ ಒಳಗಿನ ಸ್ಪೈಡರ್ (ಕೋನನ್ನು ಹಿಂದಿನಿಂದ ಹಿಡಿದಿರುವ ಬಟ್ಟೆಯ ಬಿಲ್ಲೆ) ಇನ್ನೊಂದು ಕಡೆಗೆ ಎಳೆಯಲಿ.

ಕೆಪಾಸಿಟರಿಗೆ ಎಸ್.ಪಿ. ರೋಡ್ ಇದ್ದೇ ಇದೆ. ಊಫರಿಗೂ ಟ್ವೀಟರಿಗೂ ಸದ್ದು ಹಂಚಿಕೊಡುವ ಸರ್ಕ್ಯೂಟಿಗೆ ಕ್ರಾಸ್‌ಓವರ್ ಅಂತಾರೆ. ಕ್ರಾಸ್‌ಓವರಿನ ಹಳೆ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳು ಇಷ್ಟು ಹೊತ್ತಿಗೆ ಒಣಗಿರೋದೇ ಹೆಚ್ಚು. ಅಂಗಡಿಯಲ್ಲಿ ನಾನ್‌ಪೋಲಾರ್ (ಪ್ಲಸ್ ಮೈನಸ್ ಇಲ್ಲದ್ದು) ಅಂತ ಒತ್ತಿ ಕೇಳಿ, ಸುಮ್ನೆ ಕೇಳಿದರೆ ಮಾಮೂಲಿ ಪ್ಲಸ್ ಮೈನಸ್ ಇರುವುದನ್ನು ಕೊಡುತ್ತಾರೆ. ಸಿಗಲೇ ಇಲ್ಲ ಅಂದರೆ ಎರಡು 10 ಮೈಕ್ರೊಫ್ಯಾರಡ್‌ನವನ್ನು ಮೈನಸ್‌ಗೆ ಮೈನಸ್ ಸೇರಿಸಿ ಬೆಸುಗೆ ಹಾಕಿದರೆ 5ರ ನಾನ್‌ಪೋಲಾರ್ ಆಗುತ್ತದೆ. ಫಿಲ್ಮ್ ಕೆಪಾಸಿಟರ್ ಇನ್ನೂ ಒಳ್ಳೆಯದು, ಬಾಳಿಕೆ ಜಾಸ್ತಿ. ಆದರೆ ಅದರ ಒಳ ರೆಸಿಸ್ಟೆನ್ಸ್ ಕಡಿಮೆ, ಟ್ವೀಟರ್ ಸ್ವಲ್ಪ ಚುರುಕಾಗಿ ಕಿವಿಗೆ ಹೊಡೆಯಬಹುದು. ಹಾಗಾದರೆ ಸಣ್ಣ ರೆಸಿಸ್ಟರ್ ಒಂದನ್ನು ಅದರ ಜೊತೆ ಸೀರೀಸ್‌ನಲ್ಲಿ ಹಾಕಿ. ಹಳೆಯದು ಎಷ್ಟು ಮೈಕ್ರೊಫ್ಯಾರಡ್ ಇತ್ತೋ ಹೊಸದೂ ಅಷ್ಟೇ ಇರಲಿ, ಕ್ರಾಸ್‌ಓವರಿನ ತಂತಿ ಸುರುಳಿಗಳನ್ನು ಮುಟ್ಟಬೇಡಿ.

ಜೆ.ಸಿ. ರೋಡಿನಲ್ಲಿ ಕಾರಿನ ಊಫರ್ ತಂದು ಕೂರಿಸಿಬಿಡಿ ಅನ್ನುವವರು ಸಿಗುತ್ತಾರೆ. ಬೇಡ. ಕಾರಿನದು ಸಾಮಾನ್ಯವಾಗಿ 4 ಓಮ್, ಅದಕ್ಕೆ ಬೇಕಾದ ಪೆಟ್ಟಿಗೆಯೂ ಬೇರೆ, ನಿಮ್ಮ ಕ್ರಾಸ್‌ಓವರಿಗೆ ಅದು ಹೊಂದಲ್ಲ. ಸಂಡೇ ಬಜಾರಲ್ಲಿ ಬಿಡಿ ಸ್ಪೀಕರ್ ಕಾಣಿಸುತ್ತವೆ, ಜೊತೆ ಸಿಗೋದು ಕಷ್ಟ, ಆದರೂ ಸುತ್ತಾಡೋಕೆ ಮಜಾ. ಗ್ರಿಲ್ ಬಟ್ಟೆ ಚಿಕ್ಕಪೇಟೆಯಲ್ಲಿ ಹುಡುಕಿ, ಬಾಯಿಂದ ಊದಿದರೆ ಗಾಳಿ ಆಚೆ ಹೋಗುವಷ್ಟು ತೆಳ್ಳಗಿರಲಿ.

ತರುವಾಗ ಗೂಡ್ಸ್ ಆಟೋ ಮಾಡಿ. ಊಫರ್ ಇರುವ ಮುಖ ಮೇಲೆ ಬರುವ ಹಾಗೆ ಮಲಗಿಸಿ, ಅದರ ಮೇಲೆ ರಟ್ಟು ಕಟ್ಟಿ. ನಮ್ಮ ರೋಡ್ ಹಂಪುಗಳಿಗೆ ಆ ಹಳೆ ಕೋನ್ ತಡೆಯಲ್ಲ. ಲೇಬಲ್ ಫೋಟೋ ಸಿಕ್ಕ ಮೇಲೆ ಇಲ್ಲೇ ಹಾಕಿ, ಅವರು ಹೇಳುತ್ತಿರುವ ಬೆಲೆಯನ್ನೂ ಬರೆಯಿರಿ, ಎಷ್ಟಕ್ಕೆ ಕೇಳಬಹುದು ಅಂತ ಹೇಳುತ್ತೇನೆ.