ಐಹೊಳೆಯ ದುರ್ಗದ ಗುಡಿಯ ಹಿಂಭಾಗ ದುಂಡಗೇಕೆ?

ಗುಡಿಯ ಹಿಂಭಾಗ ದುಂಡಗಿರುವುದರಿಂದ ಇದು ಮೊದಲು ಬೌದ್ಧ ಚೈತ್ಯ, ಅಂದರೆ ಬೌದ್ಧರ ಪ್ರಾರ್ಥನಾ ಮಂದಿರವಾಗಿತ್ತೇ ಎಂದು ಕೇಳಿದ್ದೀರಿ. ಇಲ್ಲ, ಇದು ಬಾದಾಮಿ ಚಾಲುಕ್ಯರು ಹಿಂದೂ ದೇವಾಲಯವಾಗಿಯೇ ಕಟ್ಟಿಸಿದ್ದು. ಆನೆಯ ಬೆನ್ನಿನಂತಿರುವ ಈ ತಲವಿನ್ಯಾಸಕ್ಕೆ ಗಜಪೃಷ್ಠ ಎನ್ನುತ್ತಾರೆ. ಚೈತ್ಯಗಳಲ್ಲಿ ಈ ಆಕಾರ ಹೆಚ್ಚು ಕಾಣುವುದು ನಿಜ, ಆದರೆ ಅದು ಬೌದ್ಧರೊಬ್ಬರ ಸೊತ್ತಲ್ಲ. ಮಹಾಬಲಿಪುರದ ಸಹದೇವ ರಥವೂ ಹೀಗೆಯೇ ಇದೆ.

ಹೆಸರೂ ದಾರಿ ತಪ್ಪಿಸುತ್ತದೆ. ಮುಂದಿನ ಕಾಲದಲ್ಲಿ ಗುಡಿಯ ಸುತ್ತ ಕೋಟೆ ಎದ್ದಿತ್ತು. ಹಾಗಾಗಿ 'ದುರ್ಗದ ಗುಡಿ'. ದೇವಿಯಿಂದ ಬಂದ ಹೆಸರಲ್ಲ. ಹೆಬ್ಬಾಗಿಲಿನ ಶಾಸನ ಇದನ್ನು ಆದಿತ್ಯನ (ಸೂರ್ಯನ) ಆಲಯ ಎನ್ನುತ್ತದೆ. ಶಾಸನದ ಕಾಲ ಚಾಲುಕ್ಯ ದೊರೆ ಇಮ್ಮಡಿ ವಿಕ್ರಮಾದಿತ್ಯನದು, ಅಂದರೆ 8ನೇ ಶತಮಾನ.

ಹೋದಾಗ ಮೊದಲು ಹೊರಗಿನ ಕಂಬಸಾಲಿನ ಮೊಗಸಾಲೆಯಲ್ಲಿ ಪ್ರದಕ್ಷಿಣೆ ಹಾಕಿ. ಎಡದಿಂದ ಹೊರಟರೆ ಗೋಡೆಯ ಗೂಡುಗಳಲ್ಲಿ ನಂದಿಗೆ ಒರಗಿದ ಶಿವ, ನರಸಿಂಹ, ಗರುಡಾರೂಢ ವಿಷ್ಣು, ವರಾಹ, ಮಹಿಷಮರ್ದಿನಿ, ಹರಿಹರ ಸಾಲಾಗಿ ಸಿಗುತ್ತಾರೆ. ಗರ್ಭಗುಡಿಯನ್ನು ಬಳಸುವ ಇನ್ನೊಂದು ಪ್ರದಕ್ಷಿಣಾಪಥ ಒಳಗಿದೆ. ಹಲವರು ಅದನ್ನು ನೋಡದೆಯೇ ಹಿಂದಿರುಗುತ್ತಾರೆ.

ಹೊರಬಂದ ಮೇಲೆ ತಲೆ ಎತ್ತಿ ನೋಡಿ: ಕಟ್ಟಡದ ಹಿಂಭಾಗ ದುಂಡಗಿದ್ದರೂ ಅದರ ಮೇಲಿನ ರೇಖಾನಾಗರ (ಬಾಗಿ ಮೇಲೇರುವ ಉತ್ತರ ಭಾರತದ ಶೈಲಿಯ) ಶಿಖರ ಚೌಕ! ಶಿಖರದ ತುದಿಯ ಆಮಲಕ, ಅಂದರೆ ಗೀರುಗಳಿರುವ ದುಂಡು ಕಲ್ಲು, ಕೆಳಗೆ ಬಿದ್ದಿದೆ; ಅದರ ಗೀರುಗಳನ್ನು ಹತ್ತಿರದಿಂದಲೇ ನೋಡಬಹುದು.